ಕಪ್ಪತಗುಡ್ಡದ ಕಟ್ಟಿಗೆ ಹೊರೆ

ಅರಸರ ಚರಿತ್ರೆ ಬರೆಯುವವರಿಗೆ ಶಾಸನಗಳುಂಟು. ಒಲೆಯ ಚರಿತ್ರೆ ಬರೆಯಹೊರಟವನಿಗೆ ಬೂದಿಯ ಹೊರತು ಹೆಚ್ಚಿನ ಸಾಧನವಿಲ್ಲ. ಆದರೂ ಗದಗು-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆಯ ಕಥೆಯನ್ನು ಹೆಂಗಸರ ತಲೆಯ ಮೇಲಿನ ಕಟ್ಟಿಗೆ ಹೊರೆಯಿಂದಲೂ ಕೆಲಮಟ್ಟಿಗೆ ಓದಬಹುದೆಂದು ನನಗೆ ತೋರುತ್ತದೆ.

ಈ ಸೀಮೆಯ ಬಹುಭಾಗ ಎರೆಯ ಬಯಲು. ಜೋಳ, ಹತ್ತಿ, ಕಡಲೆಗಳಿಗೆ ಹೇಳಿ ಮಾಡಿಸಿದ ಭೂಮಿ. ಮರಕ್ಕೆ ಮಾತ್ರ ಬಡತನ. ಹೊಲದ ಬದುವಿನಲ್ಲಿ ಒಂದು ಬನ್ನಿ, ಹಳ್ಳದ ದಂಡೆಗೆ ನಾಲ್ಕು ಜಾಲಿ, ಊರ ಮುಂದೆ ಒಂದು ಬೇವು. ಆದ್ದರಿಂದ ಇಲ್ಲಿಯ ಒಲೆ ಹೊಲವನ್ನೇ ನಂಬಿಕೊಂಡಿತ್ತು: ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಜೋಳದ ಕೊಯ್ಲಿ, ಕುಳ್ಳು. ಹತ್ತಿಕಟ್ಟಿಗೆ ಭುಗ್ಗನೆ ಹತ್ತಿ ಅಷ್ಟೇ ಬೇಗ ಆರುತ್ತದೆ. ರೊಟ್ಟಿ ಬಡಿಯುವವಳ ಮಗ್ಗುಲಲ್ಲಿ ಒಲೆಗೆ ಕಟ್ಟಿಗೆ ಇಡಲು ಇನ್ನೊಬ್ಬರು ಕೂಡಬೇಕು. ಕೆಂಡ ನಿಲ್ಲುವ ಗಟ್ಟಿ ಕಟ್ಟಿಗೆ ಬೇಕೆಂದರೆ ಗುಡ್ಡದ ದಾರಿ ಹಿಡಿಯಬೇಕು. ಆ ಗುಡ್ಡವೇ ಕಪ್ಪತಗುಡ್ಡ. ಗದಗಿನ ಹತ್ತಿರದಿಂದ ಹೊರಟು, ಡಂಬಳ, ಡೋಣಿಗಳನ್ನು ಮಗ್ಗುಲಿಗಿಟ್ಟುಕೊಂಡು, ತುಂಗಭದ್ರೆಯ ಕಡೆಗೆ ಸಾಗುವ ಸಾಲು.

ಕಟ್ಟಿಗೆಗೆ ಒಬ್ಬೊಬ್ಬರೇ ಹೋಗುವ ರೂಢಿಯಿಲ್ಲ. ನಸುಕಿನಲ್ಲಿ ರೊಟ್ಟಿ ಬುತ್ತಿ, ಹಗ್ಗ, ಕುಡಗೋಲು, ತಲೆಗೊಂದು ಸಿಂಬಿ. ನಾಲ್ಕಾರು ಜನರ ಗುಂಪು. ಇದು ಹರಟೆಗಾಗಿ ಅಲ್ಲ. ನಡುದಾರಿಯಲ್ಲಿ ಇಳಿಸಿದ ಹೊರೆಯನ್ನು ಮತ್ತೆ ತಲೆಗೇರಿಸಲು ಇನ್ನೊಬ್ಬಳ ಕೈ ಬೇಕು. ಕಡೆಯವಳಿಗೆ ಎತ್ತಿಕೊಡುವವರು ಯಾರು ಎಂದು ಕೇಳಬೇಡಿರಿ. ಹೊರೆ ಹೊತ್ತವಳೇ ಒಂದು ಕೈಯಿಂದ ತನ್ನದನ್ನು ಹಿಡಿದು ಇನ್ನೊಂದು ಕೈ ಕೊಡುತ್ತಾಳೆ.

ಈ ಕಸುಬಿಗೆ ಕನ್ನಡದಲ್ಲಿ ದೊಡ್ಡ ವಂಶಾವಳಿಯೇ ಇದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಕಟ್ಟಿಗೆ ಮಾರಿ ದಾಸೋಹ ನಡೆಯಿಸಿದ ಶರಣ ಮೋಳಿಗೆಯ ಮಾರಯ್ಯ. ಮೋಳಿಗೆಯೆಂದರೆ ಕಟ್ಟಿಗೆಯ ಹೊರೆ. ಆತನು ಕಾಶ್ಮೀರದ ಅರಸುತನ ಬಿಟ್ಟು ಬಂದವನೆಂದು ಪರಂಪರೆ ಹೇಳುತ್ತದೆ. ಅರಸನಾಗಿದ್ದನೋ ಇಲ್ಲವೋ, ಹೊರೆ ಹೊರುವುದು ಹೆಸರಿಗಂಟಿಸಿಕೊಳ್ಳುವಷ್ಟು ಗೌರವದ ಕಾಯಕವಾಗಿತ್ತೆಂಬುದು ನನಗೆ ಮುಖ್ಯ.

ಅದು ಅಪರಾಧವಾದದ್ದು ಬಹಳ ಈಚೆಗೆ. 1864ರಲ್ಲಿ ಬ್ರಿಟಿಷ್ ಸರಕಾರ ಅರಣ್ಯ ಇಲಾಖೆ ತೆರೆಯಿತು. ರೈಲುಹಳಿಯ ಕೆಳಗೆ ಹಾಸುವ ದಿಮ್ಮಿಯ ಹಸಿವು ಅದರ ಹಿಂದಿನ ಒಂದು ಕಾರಣ. 1865ರಲ್ಲಿ ಮೊದಲ ಕಾಯಿದೆ, 1878ರಲ್ಲಿ ಅದಕ್ಕಿಂತ ಬಿಗಿಯಾದ ಎರಡನೆಯದು. ಧಾತು-ಈಶ್ವರ ಸಂವತ್ಸರಗಳ ಭೀಕರ ಬರದಿಂದ ಧಾರವಾಡ ಜಿಲ್ಲೆ ಇನ್ನೂ ಚೇತರಿಸಿಕೊಳ್ಳುತ್ತಿದ್ದ ಹೊತ್ತು ಅದು. ಕಾದಿಟ್ಟ ಕಾಡಿನಲ್ಲಿ ಸರಕಾರ ಒಪ್ಪಿದ್ದಷ್ಟೇ ಸಕ್ರಮ, ಉಳಿದದ್ದೆಲ್ಲ ಗುನ್ಹೆ. ಹಿಂದೆ ವಹಿವಾಟಿನಿಂದ ಬಂದದ್ದು ಈಗ ಮೇಲಿನವರು ಕೊಡುವ, ಬೇಡವಾದಾಗ ಕಿತ್ತುಕೊಳ್ಳುವ ಸವಲತ್ತಾಯಿತು.

ನಮ್ಮ ಸೀಮೆಯಲ್ಲಿ ಇನ್ನೊಂದು ತೊಡಕು. ಗದಗು, ಮುಂಡರಗಿ ಬ್ರಿಟಿಷರ ಮುಂಬಯಿ ಇಲಾಖೆಗೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮೀರಜಕ್ಕೆ, ಮೂಡಲಿಗೆ ಕೊಪ್ಪಳ ನಿಜಾಮರಿಗೆ. 1948ರಲ್ಲಿ ಸಂಸ್ಥಾನಗಳು ವಿಲೀನವಾಗುವವರೆಗೆ ಒಂದು ದಿನದ ನಡಿಗೆಯೊಳಗೆ ನಾಲ್ಕು ಆಳಿಕೆಗಳು! ಒಣ ಕೊಂಬೆಗೆ ಈ ಭೂಪಟ ಗೊತ್ತಿರಲಿಲ್ಲ.

ಇದು ನಮ್ಮೊಬ್ಬರ ಗೋಳಲ್ಲ. 1842ರಲ್ಲಿ ಜರ್ಮನಿಯ ರೈನ್ ಪ್ರಾಂತದ ಸಭೆಯಲ್ಲಿ ಕಟ್ಟಿಗೆ ಕಳವಿನ ಕಾಯಿದೆ ಕುರಿತು ನಡೆದ ಚರ್ಚೆಯನ್ನು ಒಬ್ಬ ತರುಣ ಪತ್ರಕರ್ತ ಕಟುವಾಗಿ ಟೀಕಿಸಿದನು: ನಿಂತ ಮರವನ್ನು ಕಡಿಯುವುದೂ ತಾನೇ ಬಿದ್ದ ಟೊಂಗೆಯನ್ನು ಆಯುವುದೂ ಒಂದೇ ಹೇಗಾದೀತು? ಆತನೇ ಕಾರ್ಲ್ ಮಾರ್ಕ್ಸ್. ಇಂಗ್ಲೆಂಡಿನಲ್ಲಂತೂ 1217ರ ಅರಣ್ಯ ಸನದು ಅರಸನ ಕಾಡಿನಲ್ಲಿ ಸಾಮಾನ್ಯರ ಬಳಕೆಯನ್ನು ಕೆಲಮಟ್ಟಿಗೆ ಮರಳಿ ಒಪ್ಪಿತ್ತು. ನಮ್ಮಲ್ಲಿ 1930ರ ಕಾನೂನುಭಂಗದ ಕಾಲಕ್ಕೆ ಉಪ್ಪಿನ ಜೊತೆಗೆ ಜಂಗಲ್ ಸತ್ಯಾಗ್ರಹವೂ ನಡೆಯಿತು. ಉಪ್ಪು ಪಠ್ಯಪುಸ್ತಕ ಸೇರಿತು, ಕಟ್ಟಿಗೆ ಸೇರಲಿಲ್ಲ.

ಆಯ್ದವರೆಲ್ಲ ಒಣಗಿದ್ದನ್ನೇ ಒಯ್ದರೆಂದು ನಾನು ವಾದಿಸುವವನಲ್ಲ. ಇಂದು ಹಸಿಯಾಗಿ ಕಡಿದು ಕೆಡವಿ, ಹದಿನೈದು ದಿನದ ಮೇಲೆ ಒಣಗಿದ್ದೆಂದು ಹೊತ್ತುಕೊಂಡು ಬರುವ ಉಪಾಯ ಎಲ್ಲ ಗುಡ್ಡದ ಊರುಗಳಿಗೂ ಗೊತ್ತು. ಪೇಟೆಯ ಖಾನಾವಳಿಗಳ ಒಲೆ, ಬಣ್ಣ ಹಾಕುವವರ ಹಂಡೆ ಕೇಳಿದಷ್ಟನ್ನು ಕೊಡಲು ಗುಡ್ಡಕ್ಕೆ ಆಗುತ್ತಿರಲಿಲ್ಲ. ಮನೆಯ ಒಲೆಗೆ ಒಯ್ಯುವ ಹೊರೆ ಬೇರೆ, ಚಕ್ಕಡಿಯಲ್ಲಿ ಅಡ್ಡೆಗೆ ಹೋಗುವ ಕಟ್ಟಿಗೆ ಬೇರೆ. ಕಾವಲುಗಾರನ ಕೈಗೆ ಸಿಗುವುದು ಮಾತ್ರ ಹೆಚ್ಚಾಗಿ ಮೊದಲನೆಯದು. ಈಚೆಗೆ ಪಾಳು ಭೂಮಿಯನ್ನೆಲ್ಲ ಹಬ್ಬಿದ ಬಳ್ಳಾರಿ ಜಾಲಿ, ಅಮೆರಿಕ ಖಂಡದಿಂದ ಬಂದ ಆ ಪರದೇಶಿ ಮುಳ್ಳು, ಗುಡ್ಡದ ಭಾರವನ್ನು ಎಷ್ಟೋ ಇಳಿಸಿದೆ. ಅದಕ್ಕೆ ಕಾವಲಿಲ್ಲ, ಕಡಿದಷ್ಟೂ ಚಿಗುರುತ್ತದೆ.

ಗಣಿಯ ಭಯದಿಂದ ಕಪ್ಪತಗುಡ್ಡವನ್ನು ಉಳಿಸಲು ಜನ ಹೋರಾಡಿದರು. 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಸಾರಿದ್ದನ್ನು ಸರಕಾರ 2016ರಲ್ಲಿ ಹಿಂತೆಗೆದು, ಚಳವಳಿಯ ಬಿಸಿಗೆ 2017ರಲ್ಲಿ ಮತ್ತೆ ಸಾರಿತು. 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಗುಡ್ಡ ಉಳಿದದ್ದು ದೊಡ್ಡ ಮಾತು. ಆದರೆ ಧಾಮದೊಳಗಿನ ಕಾಡುತ್ಪನ್ನಕ್ಕೆ 1972ರ ಕಾಯಿದೆಯ ಕಟ್ಟುಪಾಡು ಇನ್ನೂ ಬಿಗಿ. ಗುಡ್ಡ ಉಳಿಯಲೆಂದು ಕೂಗಿದ ಊರುಗಳ ಹೆಂಗಸರೇ ಕುಡಗೋಲು ಮುಚ್ಚಿಕೊಂಡು ಹೋಗುವ ಪ್ರಸಂಗ ಬರಬಾರದು. 2016ರ ಉಜ್ವಲಾ ಯೋಜನೆಯಿಂದ ಬಡವರ ಮನೆಗಳಿಗೆ ಗ್ಯಾಸು ಬಂದಿದೆ, ನಿಜ. ಸಿಲಿಂಡರು ತುಂಬಿಸಲು ರೊಕ್ಕ ಬೇಕು, ಹೊರೆಗೆ ರಟ್ಟೆ ಸಾಕು.

2006ರ ಅರಣ್ಯ ಹಕ್ಕು ಕಾಯಿದೆ ಕಿರು ಉತ್ಪನ್ನಗಳ ಪಟ್ಟಿಯಲ್ಲಿ ಪೊದೆಗಟ್ಟಿಗೆಯನ್ನೂ ಬೊಡ್ಡೆಯನ್ನೂ ಹೆಸರಿಸಿದೆ. ಅದರ ನಿಯಮಗಳು ಮೊದಲು ಪ್ರಕಟವಾದಾಗ ಸಾಗಣೆಗೆ ತಲೆಹೊರೆ, ಸೈಕಲ್ಲು, ಕೈಗಾಡಿ ಎಂದೇ ಬರೆದಿದ್ದರು. ಆದರೆ ಬುಡಕಟ್ಟಿನವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನು ನಂಬಿ ಬಾಳಿದ್ದನ್ನು ತೋರಿಸಬೇಕು. ಗುಡ್ಡದ ಊರುಗಳ ಮುದುಕಿಯರ ಹತ್ತಿರ ಇದಕ್ಕೆ ಕಾಗದವೆಲ್ಲಿ? ಪುಣ್ಯಕ್ಕೆ ಊರ ಹಿರಿಯರ ಹೇಳಿಕೆಯನ್ನೂ ಆ ನಿಯಮಗಳು ಸಾಕ್ಷಿಯೆಂದು ಒಪ್ಪುತ್ತವೆ. ಯಾವ ದಾರಿಯಿಂದ ಗುಡ್ಡ ಹತ್ತುತ್ತಿದ್ದರು, ಯಾವ ಹಳ್ಳದಲ್ಲಿ ಹೊರೆ ಇಳಿಸುತ್ತಿದ್ದರು ಎಂಬುದನ್ನು ಅವರಿರುವಾಗಲೇ ಗ್ರಾಮಸಭೆಗಳು ಬರೆಯಿಸಿಕೊಳ್ಳಬೇಕು.