ಮೂರು ಬೆರಳು, ಐದು ತಂತಿ: ಫ್ಲ್ಯಾಟ್–ಸ್ಕ್ರಗ್ಸ್ ಮೇಳದ ಕಥೆ

ಬ್ಯಾಂಜೊ ಎಂದೊಡನೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಕೀಲಿಗಳನ್ನೊತ್ತಿ ನುಡಿಸುವ ಬುಲ್‌ಬುಲ್ ತರಂಗ. ಮೆರವಣಿಗೆಯ ವಾದ್ಯತಂಡಗಳಲ್ಲಿ ಅದಕ್ಕೂ ಬ್ಯಾಂಜೊ ಎಂದೇ ಹೆಸರು. ಇಲ್ಲಿ ಹೇಳಹೊರಟಿರುವ ವಾದ್ಯ ಬೇರೆ. ಗುಲಾಮರಾಗಿ ಅಮೆರಿಕಕ್ಕೆ ಸಾಗಿಸಲ್ಪಟ್ಟ ಆಫ್ರಿಕನ್ನರು ಸೋರೆಬುರುಡೆಗೆ ಚರ್ಮ ಬಿಗಿದು ಮಾಡಿಕೊಳ್ಳುತ್ತಿದ್ದ ತಂತಿವಾದ್ಯದ ವಂಶಕ್ಕೆ ಸೇರಿದ್ದು ಅದು. 1940ರ ದಶಕದ ಹೊತ್ತಿಗೆ ಹಳ್ಳಿಗಾಡಿನ ಸಂಗೀತದ ವೇದಿಕೆಗಳಲ್ಲಿ ಅದು ಬಹುಮಟ್ಟಿಗೆ ವಿದೂಷಕನ ಕೈಯ ಸಲಕರಣೆಯಾಗಿ ಉಳಿದಿತ್ತು. ಅದಕ್ಕೆ ಮರಳಿ ಮಾನ ತಂದುಕೊಟ್ಟವನು ಉತ್ತರ ಕೆರೊಲಿನದ ಒಬ್ಬ ರೈತನ ಮಗ, ಅರ್ಲ್ ಸ್ಕ್ರಗ್ಸ್.

ಸ್ಕ್ರಗ್ಸ್ ಹುಟ್ಟಿದ್ದು 1924ರಲ್ಲಿ. ನಾಲ್ಕನೆಯ ವಯಸ್ಸಿಗೇ ತಂದೆ ತೀರಿಕೊಂಡರು. ಮನೆಯಲ್ಲಿ ಅವರ ಬ್ಯಾಂಜೊ ಉಳಿಯಿತು. ಸುಮಾರು ಹತ್ತು ವರ್ಷದವನಿದ್ದಾಗ, ಅಣ್ಣನೊಡನೆ ಜಗಳವಾಡಿ ಕೋಣೆಯಲ್ಲಿ ಒಬ್ಬನೇ ಕುಳಿತು ನುಡಿಸುತ್ತಿದ್ದಂತೆ, ತನಗರಿವಿಲ್ಲದೆಯೇ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಸರದಿಯಂತೆ ತಂತಿ ಮೀಟತೊಡಗಿದ್ದುವಂತೆ. ಮೂರು ಬೆರಳಿನ ಪದ್ಧತಿ ಆ ಸೀಮೆಯಲ್ಲಿ ಮೊದಲೇ ಇತ್ತು. ಸ್ನಫಿ ಜೆಂಕಿನ್ಸ್‌ರಂಥವರು ಅದನ್ನು ನುಡಿಸುತ್ತಿದ್ದರು. ಆದರೆ ಅದಕ್ಕೆ ತಡೆಯಿಲ್ಲದ ಓಟವನ್ನು ಕೊಟ್ಟವನು ಸ್ಕ್ರಗ್ಸ್. ಎಂಟು ಸ್ವರಗಳ ಒಂದು ಸುತ್ತನ್ನು ಮೂರು, ಮೂರು, ಎರಡು ಎಂದು ಒಡೆಯುವುದು ಅದರ ಜೀವಾಳ. ತಾಳದ ಪರಿಚಯವಿರುವ ನಮ್ಮವರು ಇದನ್ನು ‘ತಕಿಟ ತಕಿಟ ತಕ’ ಎಂದು ಹೇಳಿಕೊಂಡರೆ ಸಾಕು, ಮರ್ಮ ತಿಳಿಯುತ್ತದೆ. ಕೆಳಗಿನ ಲಯ ನೆಟ್ಟಗೆ ನಡೆಯುತ್ತಿರುತ್ತದೆ, ಮೇಲಿನ ಒತ್ತುಗಳು ಅದನ್ನು ಕೆಣಕುತ್ತಿರುತ್ತವೆ.

ಯುದ್ಧಕಾಲದಲ್ಲಿ ನೂಲಿನ ಗಿರಣಿಯಲ್ಲಿ ದುಡಿದ ಈ ಯುವಕ 1945ರ ಡಿಸೆಂಬರಿನಲ್ಲಿ ಬಿಲ್ ಮನ್ರೋನ ‘ಬ್ಲೂ ಗ್ರಾಸ್ ಬಾಯ್ಸ್’ ಮೇಳ ಸೇರಿದ. ಮನ್ರೋ ಕೆಂಟಕಿಯವನು, ತನ್ನ ಸೀಮೆಯ ಹುಲ್ಲಿನ ಹೆಸರನ್ನೇ ಮೇಳಕ್ಕಿಟ್ಟಿದ್ದ. ಗಿಟಾರ್ ಹಿಡಿದು ಹಾಡುತ್ತಿದ್ದ ಲೆಸ್ಟರ್ ಫ್ಲ್ಯಾಟ್ ಆಗಲೇ ಅಲ್ಲಿದ್ದ. ಟೆನೆಸಿಯವನಾದ ಅವನೂ ಗಿರಣಿ ಕಾರ್ಮಿಕನಾಗಿದ್ದವನೇ. ಮನ್ರೋನ ಮ್ಯಾಂಡೊಲಿನ್, ಚಬ್ಬಿ ವೈಸ್‌ನ ಪಿಟೀಲು, ಹವರ್ಡ್ ವಾಟ್ಸ್‌ನ ಬಾಸ್ ಇವುಗಳೊಡನೆ ಈ ಇಬ್ಬರೂ ಕೂಡಿ 1946 ಮತ್ತು 1947ರಲ್ಲಿ ಮುದ್ರಿಸಿದ ಹಾಡುಗಳೇ ಮುಂದೆ ‘ಬ್ಲೂಗ್ರಾಸ್’ ಎನಿಸಿಕೊಂಡ ಸಂಗೀತಕ್ಕೆ ಮೂಲಮಾದರಿ.

1948ರಲ್ಲಿ ಇಬ್ಬರೂ ಹೊರಬಂದು ‘ಫಾಗಿ ಮೌಂಟನ್ ಬಾಯ್ಸ್’ ಎಂಬ ಮೇಳ ಕಟ್ಟಿದರು. ಮನ್ರೋಗೆ ಇದು ದ್ರೋಹವಾಗಿ ಕಂಡಿತು. ತಾನು ಕಟ್ಟಿದ ಶೈಲಿಯನ್ನು ಇವರು ಹೊತ್ತೊಯ್ದರೆಂಬ ಕೊರಗು ಅವನದು. ನ್ಯಾಶ್‌ವಿಲ್‌ನ ಪ್ರಸಿದ್ಧ ರೇಡಿಯೋ ಕಾರ್ಯಕ್ರಮ ‘ಗ್ರ್ಯಾಂಡ್ ಓಲ್ ಓಪ್ರಿ’ಗೆ ಇವರು ಬರುವುದನ್ನೂ ಅವನು ವಿರೋಧಿಸಿದ. ಎರಡು ದಶಕಗಳಿಗೂ ಹೆಚ್ಚು ಕಾಲ ಅವನಿಗೂ ಫ್ಲ್ಯಾಟ್‌ಗೂ ಮಾತಿರಲಿಲ್ಲ. ಸಿಟ್ಟಿನಲ್ಲಿ ನ್ಯಾಯವಿರಲಿಲ್ಲ ಎನ್ನಲಾಗದು. ಆದರೆ ಸ್ಕ್ರಗ್ಸ್‌ನ ಬೆರಳುಗಳು ಬರುವ ಮುನ್ನ ಮನ್ರೋನ ಸಂಗೀತಕ್ಕೆ ಈಗ ನಾವು ಗುರುತಿಸುವ ಮುಖವೇ ಇರಲಿಲ್ಲವೆಂಬುದೂ ಅಷ್ಟೇ ನಿಜ.

ಹೊಸ ಮೇಳಕ್ಕೆ ಅನ್ನ ಕೊಟ್ಟದ್ದು ಗೋಧಿ ಹಿಟ್ಟು! 1953ರಿಂದ ‘ಮಾರ್ಥಾ ವೈಟ್’ ಹಿಟ್ಟಿನ ಕಂಪನಿಯ ಪ್ರಾಯೋಜಕತ್ವದಲ್ಲಿ ನ್ಯಾಶ್‌ವಿಲ್ ಕೇಂದ್ರದಿಂದ ಬೆಳಗಿನ 5.45ಕ್ಕೆ ಇವರ ಹಾಡು ಕೇಳಿಬರುತ್ತಿತ್ತು. ಹಾಲು ಕರೆಯುವ ಹೊತ್ತು, ಒಲೆ ಹೊತ್ತಿಸುವ ಹೊತ್ತು ಅದು. 1955ರಲ್ಲಿ ಮನ್ರೋನ ವಿರೋಧವನ್ನು ದಾಟಿ ಓಪ್ರಿಗೆ ಪ್ರವೇಶ ದೊರೆತದ್ದೂ ಹಿಟ್ಟಿನ ಕಂಪನಿಯ ಒತ್ತಾಸೆಯಿಂದಲೇ. ಅದೇ ಸುಮಾರಿಗೆ ವಾರವಾರವೂ ಊರಿಂದೂರಿಗೆ ಪ್ರಯಾಣ ಮಾಡಿ ಸ್ಥಳೀಯ ದೂರದರ್ಶನ ಕೇಂದ್ರಗಳಲ್ಲಿ ನೇರವಾಗಿ ಹಾಡಿದರು. ವ್ಯವಹಾರವನ್ನೆಲ್ಲ ನೋಡಿಕೊಂಡವರು ಸ್ಕ್ರಗ್ಸ್‌ನ ಪತ್ನಿ ಲೂಯಿಸ್. ಗಂಡಸರದೇ ಆಗಿದ್ದ ಆ ವ್ಯಾಪಾರದಲ್ಲಿ ಅವರ ಚಾತುರ್ಯವಿರದಿದ್ದರೆ ಈ ಮೇಳ ಗುಡ್ಡಗಾಡಿನ ಸೀಮೆ ದಾಟುತ್ತಿತ್ತೋ ಇಲ್ಲವೋ.

ದಾಟಿತು. 1962ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಕಛೇರಿಯಾಯಿತು. ಅದೇ ವರ್ಷ ಆರಂಭವಾದ ‘ದ ಬೆವರ್ಲಿ ಹಿಲ್‌ಬಿಲ್ಲೀಸ್’ ಧಾರಾವಾಹಿಯ ಶೀರ್ಷಿಕೆ ಗೀತೆಗೆ ಇವರದೇ ವಾದನ. ಇವರು ಹಾಡಿದ ಅದರ ಧ್ವನಿಮುದ್ರಿಕೆ ಮರುವರ್ಷ ಕಂಟ್ರಿ ಸಂಗೀತದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 1949ರಲ್ಲಿ ಮುದ್ರಿಸಿದ್ದ ‘ಫಾಗಿ ಮೌಂಟನ್ ಬ್ರೇಕ್‌ಡೌನ್’ ಎಂಬ ವಾದ್ಯಕೃತಿ 1967ರ ‘ಬಾನಿ ಅಂಡ್ ಕ್ಲೈಡ್’ ಚಿತ್ರದಲ್ಲಿ ದರೋಡೆಕೋರರ ಕಾರಿನ ಓಟಕ್ಕೆ ಜೊತೆಯಾಯಿತು. ಕಥೆ ನಡೆಯುವುದು 1930ರ ದಶಕದಲ್ಲಿ. ಆಗ ಈ ವಾದನ ಹುಟ್ಟಿಯೇ ಇರಲಿಲ್ಲ. ಪ್ರೇಕ್ಷಕರಾರೂ ಆಕ್ಷೇಪಿಸಿದಂತಿಲ್ಲ.

ಕೀರ್ತಿಯ ಜೊತೆಯಲ್ಲೇ ಬಿರುಕೂ ಬಂತು. ಬಾಬ್ ಡಿಲನ್ನನ ಹಾಡುಗಳನ್ನು ಹಾಡಬೇಕಾಗಿ ಬಂದಾಗ ಫ್ಲ್ಯಾಟ್‌ಗೆ ಮನಸ್ಸು ಒಪ್ಪಲಿಲ್ಲ. ಸ್ಕ್ರಗ್ಸ್‌ಗೆ ತನ್ನ ಮಕ್ಕಳೊಡನೆ ಹೊಸದನ್ನು ನುಡಿಸುವ ಹಂಬಲ. 1969ರಲ್ಲಿ ಮೇಳ ಒಡೆಯಿತು. ಅದೇ ವರ್ಷ ನವೆಂಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ನಡೆದ ಬೃಹತ್ ಪ್ರದರ್ಶನದಲ್ಲಿ ಸ್ಕ್ರಗ್ಸ್ ಬ್ಯಾಂಜೊ ನುಡಿಸಿದ. ಅವನ ಕ್ಷೇತ್ರದ ಕಲಾವಿದರು ಸಾಮಾನ್ಯವಾಗಿ ಸುಳಿಯದ ಜಾಗ ಅದು. ಫ್ಲ್ಯಾಟ್ ‘ನ್ಯಾಶ್‌ವಿಲ್ ಗ್ರಾಸ್’ ಎಂಬ ತಂಡ ಕಟ್ಟಿ ಹಳೆಯ ದಾರಿಯಲ್ಲೇ ನಡೆದ. ಅವನು ಕಾಪಾಡಹೊರಟ ‘ಹಳೆಯದು’ ಇಪ್ಪತ್ತಮೂರು ವರ್ಷಗಳ ಹಿಂದಷ್ಟೇ ಹೊಸದಾಗಿತ್ತು ಎಂಬುದನ್ನು ನೆನೆದರೆ ನಗು ಬರುತ್ತದೆ. ಆದರೂ ಅವನ ಹಟದಿಂದ ಒಂದು ಒಳಿತಾಯಿತು: 1972ರಲ್ಲಿ ಹದಿಮೂರರ ಹುಡುಗ ಮಾರ್ಟಿ ಸ್ಟುವರ್ಟ್ ಅವನ ತಂಡ ಸೇರಿ, ಆ ಪರಂಪರೆಯನ್ನು ಮುಂದಿನ ತಲೆಮಾರಿಗೆ ದಾಟಿಸಿದ.

1971ರಲ್ಲಿ ಇಂಡಿಯಾನದ ಬೀನ್ ಬ್ಲಾಸಮ್ ಉತ್ಸವದಲ್ಲಿ ಮನ್ರೋ ಮತ್ತು ಫ್ಲ್ಯಾಟ್ ಮತ್ತೆ ಕೈಕುಲುಕಿದರು. ಫ್ಲ್ಯಾಟ್ 1979ರಲ್ಲಿ, ಮನ್ರೋ 1996ರಲ್ಲಿ ತೀರಿಕೊಂಡರು. ಸ್ಕ್ರಗ್ಸ್ 88 ವರ್ಷ ಬಾಳಿ 2012ರ ಮಾರ್ಚಿನಲ್ಲಿ ಅಗಲಿದ. ಅವನ ಹುಟ್ಟೂರಿನ ಸಮೀಪದ ಶೆಲ್ಬಿ ಪಟ್ಟಣದಲ್ಲಿ ಹಳೆಯ ನ್ಯಾಯಾಲಯದ ಕಟ್ಟಡವೀಗ ಅವನ ಹೆಸರಿನ ಸಂಗ್ರಹಾಲಯ. 1968ರಲ್ಲಿ ಅವನು ಹೊರತಂದ ಬ್ಯಾಂಜೊ ಪಾಠದ ಪುಸ್ತಕ ಹಿಡಿದು ಕಲಿತವರ ಕೈಯಲ್ಲಿ ಆ ಮೂರು ಬೆರಳಿನ ಸುತ್ತು ಅಮೆರಿಕದ ಗಡಿ ದಾಟಿ ಜಪಾನ್, ಚೆಕ್ ದೇಶಗಳವರೆಗೂ ಹೋಗಿದೆ.