ಕರಿಮೆಣಸು ಯಾವ ಗುಂಪು? ಒಂದು ಪ್ರಶ್ನೆಯ ಹಿಂದಿನ 300 ವರ್ಷ

1/5
ಜಯನಗರದ ನಮ್ಮ ಬಿಲ್ಡಿಂಗ್‌ನಲ್ಲೇ ಇರೋ ಒಬ್ಬಳು ಹೈಸ್ಕೂಲ್ ಹುಡುಗಿಗೆ ಸಂಜೆ ಪಾಠ ಹೇಳ್ಕೊಡ್ತೀನಿ. ಮೊನ್ನೆ ಸಸ್ಯಗಳ ವರ್ಗೀಕರಣ. ಶೈವಲ, ಹಾವಸೆ, ಜರಿಗಿಡ, ಅನಾವೃತ ಬೀಜ, ಆವೃತ ಬೀಜ. ಕೊನೆಯದ್ರಲ್ಲಿ ಮತ್ತೆ ಎರಡು: ಏಕದಳ, ದ್ವಿದಳ. ಅವಳು ಕೇಳಿದ್ಲು, "ಅಕ್ಕ, ಇದನ್ನೆಲ್ಲ ಡಿಸೈಡ್ ಮಾಡಿದ್ದು ಯಾರು?" ನಾನು ಏನಂದೆ ಗೊತ್ತಾ? "ಬುಕ್ಕಲ್ಲಿದೆ, ಬರ್ಕೋ." ಹೇಳಿದ ಮೇಲೆ ನಾಚಿಕೆ ಆಯ್ತು. ನಾನು ಬಿಕಾಂ, ಸೈನ್ಸ್ ಬಿಟ್ಟು ನಾಲ್ಕು ವರ್ಷ ಆಯ್ತು, ನಿಜ. ಆದ್ರೂ ಅದು ಉತ್ತರ ಅಲ್ಲ. ಹಾಗಾಗಿ ಹುಡುಕಿ ಓದಿದೆ. ನಿಮಗೂ ಹೇಳ್ತೀನಿ.

2/5
ಮೊದಲು ಐದು ಗುಂಪು ಕಣ್ಣಾರೆ ನೋಡ್ಬೇಕಾ? ಮಳೆಗಾಲದಲ್ಲಿ ಲಾಲ್‌ಬಾಗ್‌ಗೆ ಹೋಗಿ. ಕೆರೆ ನೀರಿನ ಹಸಿರು ಶೈವಲ. ಒದ್ದೆ ಕಲ್ಲಿಗೆ ಮಖಮಲ್ ಥರ ಅಂಟಿರೋದು ಹಾವಸೆ. ನೆರಳಲ್ಲಿ ಬೆಳೆಯೋದು ಜರಿಗಿಡ, ಅದರಲ್ಲಿ ನೀರು ಸಾಗಿಸೋ ಅಂಗಾಂಶ ಇದೆ, ಬೀಜ ಇಲ್ಲ. ನಾವು ಕ್ರಿಸ್‌ಮಸ್ ಟ್ರೀ ಅನ್ನೋ ಅರೌಕೇರಿಯಾದಲ್ಲಿ ಬೀಜ ಇದೆ, ಹೂವು-ಹಣ್ಣು ಇಲ್ಲ, ಅದು ಅನಾವೃತ ಬೀಜ. ಮಾವು, ಬಾಳೆ, ಹುಲ್ಲು ಎಲ್ಲ ಆವೃತ ಬೀಜ.

ನಮ್ಮ ಲೆಡ್ಜರ್ ಥರಾನೇ ಅನ್ಕೊಳ್ಳಿ. ಎಂಟ್ರಿಗಳು ಇದ್ದೇ ಇರ್ತವೆ, ಯಾವ ಹೆಡ್ ಕೆಳಗೆ ಹಾಕ್ಬೇಕು ಅನ್ನೋದನ್ನ ಮನುಷ್ಯರು ತೀರ್ಮಾನ ಮಾಡ್ತಾರೆ.

3/5
ಆ ಮನುಷ್ಯರು ಯಾರು? ಅವರೆಕಾಳು ಎರಡು ಹೋಳಾಗುತ್ತೆ, ಜೋಳ ಆಗಲ್ಲ ಅಲ್ವಾ? ಏಕದಳ, ದ್ವಿದಳ ಅಂತ ಗುಂಪು ಮಾಡಲು ಈ ವ್ಯತ್ಯಾಸವನ್ನು 17ನೇ ಶತಮಾನದಲ್ಲಿ ಬಳಸಿದವರು ಇಂಗ್ಲೆಂಡಿನ ಜಾನ್ ರೇ. 1735ರಲ್ಲಿ ಸ್ವೀಡನ್ನಿನ ಲಿನೇಯಸ್ ಮುಖ್ಯವಾಗಿ ಹೂವಿನ ಕೇಸರಗಳನ್ನು ನೋಡಿ ಸಸ್ಯಗಳನ್ನು 24 ವರ್ಗ ಮಾಡಿದ. ಸುಲಭ, ಆದ್ರೆ ಸಂಬಂಧವೇ ಇಲ್ಲದ ಗಿಡಗಳು ಒಂದೇ ಮನೆಗೆ ಬಂದ್ವು. ಆಮೇಲೆ 1862ರಿಂದ 1883ರವರೆಗೆ ಬೆಂಥಮ್ ಮತ್ತು ಹೂಕರ್ ಹೊಸ ಪದ್ಧತಿ ಪ್ರಕಟಿಸಿದ್ರು. ಭಾರತದ ಎಷ್ಟೋ ಸಸ್ಯ ಸಂಗ್ರಹಾಲಯಗಳು ಇದನ್ನೇ ಅನುಸರಿಸಿದವು. ಇದರಲ್ಲೂ ಒಂದು ತಮಾಷೆ ಇದೆ: ಹೂವೇ ಬಿಡದ ಅನಾವೃತ ಬೀಜಗಳನ್ನ ದ್ವಿದಳ, ಏಕದಳಗಳ ಮಧ್ಯೆ ಕೂರಿಸಿದ್ರು!

4/5
ಈಗ ನಮ್ಮವರ ಕಥೆ. ಗಾಂಧಿಬಜಾರಿಗೆ ದೋಸೆ ತಿನ್ನೋಕೆ ಹೋದಾಗ ಡಿವಿಜಿ ರಸ್ತೆಯಲ್ಲಿ ಓಡಾಡ್ತೀವಲ್ಲ, ಆ ಡಿವಿಜಿ ಅವರ ಮಗ ಬಿ.ಜಿ.ಎಲ್. ಸ್ವಾಮಿ (1918–1980). 'ಹಸುರು ಹೊನ್ನು' ಬರೆದು 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. 'ಕಾಲೇಜು ರಂಗ' ಸಿನಿಮಾ ನೋಡಿದ್ದೀರಾ? ಆ ಕಾದಂಬರಿ ಇವರದ್ದೇ. ಅವರ ಸಂಶೋಧನೆ ಮಾತ್ರ ನಮಗೆ ಅಷ್ಟಾಗಿ ಗೊತ್ತಿಲ್ಲ.

1948ರಲ್ಲಿ ಹಾರ್ವರ್ಡ್‌ನ ಇರ್ವಿಂಗ್ ಬೇಲಿ ಜೊತೆ ಸೇರಿ ಅವರು ಅಂಬೊರೆಲ್ಲಾ ಅನ್ನೋ ಗಿಡದ ಬಗ್ಗೆ ಪ್ರಬಂಧ ಬರೆದ್ರು. ನ್ಯೂ ಕ್ಯಾಲೆಡೋನಿಯಾ ದ್ವೀಪದಲ್ಲಿ ಮಾತ್ರ ಬೆಳೆಯೋ ಗಿಡ ಅದು. ಹೂ ಬಿಡೋ ಗಿಡಗಳಲ್ಲಿ ಸಾಮಾನ್ಯವಾಗಿ ನೀರು ಹರಿಯೋಕೆ ಪೈಪ್‌ಲೈನ್ ಥರ ಜೋಡಿಸಿದ ಕೊಳವೆಗಳಿರುತ್ತವೆ. ಅಂಬೊರೆಲ್ಲಾದಲ್ಲಿ ಹೂ ಇದೆ, ಆ ಕೊಳವೆಗಳಿಲ್ಲ. ಇದು ಹೊಸ ಮಾದರಿಯ ದ್ವಿದಳ ಅಂತ ಅವರು ಬರೆದ್ರು. 1999ರಲ್ಲಿ ಡಿಎನ್‌ಎ ಹೋಲಿಸಿದಾಗ ಏನು ಕಂಡಿತು ಗೊತ್ತಾ? ಇವತ್ತು ಬದುಕಿರೋ ಹೂಗಿಡಗಳ ವಂಶವೃಕ್ಷದಲ್ಲಿ ಮೊದಲು ಬೇರೆಯಾದ ಕೊಂಬೆಯೇ ಈ ಅಂಬೊರೆಲ್ಲಾ. ಆ ಸುದ್ದಿ ಬರೋ ಹೊತ್ತಿಗೆ ಸ್ವಾಮಿ ತೀರಿಕೊಂಡು 19 ವರ್ಷ ಆಗಿತ್ತು.

5/5
ಡಿಎನ್‌ಎ ಬಂದ ಮೇಲೆ ಏಕದಳ ಒಂದೇ ಗುಂಪಾಗಿ ಉಳಿಯಿತು, ದ್ವಿದಳ ಒಡೆದುಹೋಯ್ತು. ಸಂಪಿಗೆ, ಸೀತಾಫಲ, ಕರಿಮೆಣಸು ಈಗ ಒಂದು ಬಳಗ. ಅವರೆ, ಮಾವು ಇನ್ನೊಂದು ಬಳಗ. ನೈದಿಲೆ ಎರಡೂ ಅಲ್ಲ, ಅದು ಅಂಬೊರೆಲ್ಲಾದ ಹಾಗೆ ತುಂಬ ಹಿಂದೆಯೇ ಬೇರೆಯಾದ ಕೊಂಬೆ. ನೈದಿಲೆ ಥರಾನೇ ಕಾಣೋ ತಾವರೆಗೆ ಹತ್ತಿರದ ನೆಂಟ ಯಾರು ಹೇಳಿ? ಕೊಡಗಿನ ಕಾಫಿ ತೋಟದಲ್ಲಿ ನೆರಳಿಗೆ ನೆಡೋ ಸಿಲ್ವರ್ ಓಕ್! ನಾನೂ ಎರಡು ಸಲ ಓದಿ ಆಮೇಲೆ ನಂಬಿದೆ.

ನಿನ್ನೆ ಆ ಹುಡುಗಿಗೆ ಇದೆಲ್ಲ ಹೇಳಿದೆ. "ಹಾಗಾದ್ರೆ ಬುಕ್ ತಪ್ಪಾ ಅಕ್ಕ?" ಅಂದ್ಲು. ತಪ್ಪಲ್ಲ ಕಣೇ, ಹಳೇ ಲೆಡ್ಜರ್. ಪರೀಕ್ಷೆಯಲ್ಲಿ ಎರಡು ಗುಂಪು ಅಂತಾನೇ ಬರಿ, ಮಾರ್ಕ್ಸ್ ಬೇಕಲ್ಲ. ಆದ್ರೆ ಯಾರು ಡಿಸೈಡ್ ಮಾಡಿದ್ರು ಅಂತ ಕೇಳೋದನ್ನ ಮಾತ್ರ ಬಿಡ್ಬೇಡ. ಸೂಕ್ಷ್ಮದರ್ಶಕದಲ್ಲಿ ಒಂದು ಗಿಡದ ಕಾಂಡ ನೋಡಿ ಹಾಗೇ ಕೇಳಿದವರಲ್ಲಿ ನಮ್ಮೂರಿನವರೂ ಒಬ್ಬರಿದ್ರು.

ನಿಮ್ಮ ಮನೆ ಬಾಲ್ಕನಿಯಲ್ಲಿ ಯಾವ ಗಿಡ ಇದೆ? ಅದು ಯಾವ ಗುಂಪು? ಕೆಳಗೆ ಬರೀರಿ, ಒಟ್ಟಿಗೆ ಹುಡುಕೋಣ 🌿

#ಲಾಲ್‌ಬಾಗ್ #ಬಿಜಿಎಲ್‌ಸ್ವಾಮಿ #ಜಯನಗರ #ಕನ್ನಡದಲ್ಲಿಇತಿಹಾಸ