ಕೋವಿಗೆ ಬೆಲ್ಟು ಬೇಕಾ?

ಹೋದ ಬೇಸಿಗೆಯಲ್ಲಿ ಎನ್. ಬೇಗೂರಿನಿಂದ ದೊಡ್ಡಪ್ಪನ ಮಗ ವಾಟ್ಸಾಪ್‌ನಲ್ಲಿ ಒಂದು ಲಿಂಕ್ ಕಳಿಸಿದ. ತೆರೆದು ನೋಡಿದರೆ ಬಂದೂಕಿಗೆ ಹಾಕುವ ನೈಲಾನ್ ಬೆಲ್ಟು. ಮಿಲಿಟರಿ ಹಸಿರು ಬಣ್ಣ, ಎರಡು ಕಡೆ ಕೊಂಡಿ, ಹೆಸರಿನ ಮುಂದೆ ‘ಟ್ಯಾಕ್ಟಿಕಲ್’ ಅನ್ನೋ ಪದ. ಕೆಳಗೆ ಅವನ ಪ್ರಶ್ನೆ: “ಅಣ್ಣಾ, ನಮ್ ಕೋವಿಗೆ ಇದ್ನ ಹಾಕ್ಸಾದಾ?”

ನಮ್ಮ ಕೋವಿ ಅಂದರೆ ತಾತನ ಕಾಲದ ಒಂಟಿನಳಿಗೆಯ ಕೇಪಿನ ಕೋವಿ. ನಳಿಗೆಯ ಬಾಯಿಂದ ಮಸಿ ಮತ್ತು ಚರೆ ತುಂಬಿ, ಗಜದಿಂದ ಜಡಿದು, ಹಿಂದುಗಡೆ ಕೇಪು ಇಟ್ಟು ಹೊಡೆಯುವಂಥದ್ದು. ತಾತನ ನಂತರ ಅದರ ಲೈಸೆನ್ಸು ದೊಡ್ಡಪ್ಪನ ಹೆಸರಿಗೆ ಬಂತು. ದೊಡ್ಡಪ್ಪ ತೀರಿಕೊಂಡ ಮೇಲೆ ಕಾನೂನಿನ ಪ್ರಕಾರ ಕೋವಿ ಠಾಣೆಗೆ ಜಮೆಯಾಯಿತು. ಈಗ ತಮ್ಮ ವಾರಸುದಾರನಾಗಿ ಅರ್ಜಿ ಹಾಕಿದ್ದಾನೆ. “ಹೊಲ ಕಾಯೋಕಲ್ಲ ಅಣ್ಣ, ಮನೇಲಿ ಅಮ್ಮ ಒಬ್ರೇ ಇರ್ತಾರೆ, ಮನೆ ಕಾಯೋಕೆ” ಅಂದ. ಅವನಿಗೆ ನಾಲ್ಕು ವರ್ಷದ ಮಗಳಿದ್ದಾಳೆ. ಹಾಗಾಗಿ ತಕ್ಷಣ ‘ಹೂಂ’ ಅನ್ನೋಕೆ ನನಗೆ ಆಗಲಿಲ್ಲ. ಒಂದು ವಾರ ಬೆಲ್ಟಿನ ಹಿಂದೆ ಬಿದ್ದೆ.

ಬಂದೂಕಿನ ಬೆಲ್ಟು ಹುಟ್ಟಿದ್ದು ಮನೆ ಕಾಯೋಕಲ್ಲ, ನಡೆಯೋಕೆ. 1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ಬಂದ ಕಂಪನಿ ಸೈನಿಕರ ‘ಬ್ರೌನ್ ಬೆಸ್’ ಬಂದೂಕು ಹತ್ತಿರ ಹತ್ತಿರ ನಾಲ್ಕೂವರೆ ಕಿಲೋ ತೂಗುತ್ತಿತ್ತು. ಅದನ್ನು ದಿನಗಟ್ಟಲೆ ಕೈಯಲ್ಲೇ ಹಿಡಿದು ನಡೆಯೋಕಾಗುತ್ತಾ? ಅದಕ್ಕೇ ಕೊಂಡಿ, ಅದಕ್ಕೊಂದು ಪಟ್ಟಿ. ಆಮೇಲೆ ಬೆಲ್ಟಿಗೆ ಎರಡನೇ ಕೆಲಸವೂ ಸಿಕ್ಕಿತು. ಅಮೆರಿಕದ ಸೈನ್ಯ 1907ರಲ್ಲಿ ತಂದ ಚರ್ಮದ ಬೆಲ್ಟನ್ನು ತೋಳಿಗೆ ಸುತ್ತಿಕೊಂಡು ಬಿಗಿ ಮಾಡಿದರೆ ರೈಫಲ್ ಅಲುಗಾಡುತ್ತಿರಲಿಲ್ಲ, ದೂರದ ಗುರಿ ಚೆನ್ನಾಗಿ ಸಿಗುತ್ತಿತ್ತು. ಇವತ್ತಿಗೂ ಶೂಟಿಂಗ್ ಸ್ಪರ್ಧೆಗಳಲ್ಲಿ ಮಲಗಿ ಅಥವಾ ಮಂಡಿಯೂರಿ ಹೊಡೆಯುವವರು ಬೆಲ್ಟು ಕಟ್ಟಿಕೊಳ್ಳಬಹುದು, ನಿಂತು ಹೊಡೆಯುವಾಗ ಕಟ್ಟುವಂತಿಲ್ಲ.

ಅಂದರೆ ಬೆಲ್ಟಿಗೆ ಎರಡೇ ಕಾರಣ: ದೂರ ನಡೆಯೋದು, ದೂರಕ್ಕೆ ಹೊಡೆಯೋದು. ಬ್ಯಾಂಕಿನ ಬಾಗಿಲಲ್ಲಿ ನಿಲ್ಲುವ ಗಾರ್ಡ್ ಹೆಗಲಲ್ಲಿ ಬೆಲ್ಟು ಯಾಕೆ ಅಂತೀರಾ? ಅವರದ್ದೂ ಎಂಟು ಗಂಟೆ ನಿಲ್ಲೋ ಕೆಲಸ. ನಡುಮನೆಯಿಂದ ತಲೆಬಾಗಿಲಿಗೆ ಹದಿನೈದು ಹೆಜ್ಜೆ. ಅಲ್ಲಿ ಈ ಎರಡೂ ಕಾರಣ ಇಲ್ಲ.

ಹಾಗಾದರೆ ತಾತನ ಕೋವಿಗೆ ಕೊಂಡಿ ಯಾಕಿತ್ತು? ಯಾಕಂದರೆ ಆ ಕೋವಿ ಮನೆಯದ್ದಾಗಿರಲಿಲ್ಲ, ಹೊಲದ್ದು. ಹೆಗ್ಗಡದೇವನಕೋಟೆ ಸೀಮೆಯಲ್ಲಿ ಕಾಡಂಚಿನ ಹೊಲ ಅಂದರೆ ರಾತ್ರಿ ಕಾವಲು ಇದ್ದೇ ಇರುತ್ತೆ. ರಾಗಿ ತೆನೆಗೆ ಬಂತು ಅಂದರೆ ಆನೆ, ಹಂದಿ ಬಂದವು ಅಂತಲೇ ಲೆಕ್ಕ. ಒಂದು ಕೈಯಲ್ಲಿ ಲಾಟೀನು, ಇನ್ನೊಂದು ಕೈಯಲ್ಲಿ ಬಡಿಯೋಕೆ ತಗಡಿನ ಡಬ್ಬ. ಮರದ ಮೇಲಿನ ಅಟ್ಟಣೆ ಹತ್ತಲು ಎರಡೂ ಕೈ ಬೇಕು. ಕೋವಿ ಬೆನ್ನ ಮೇಲೆ ನೇತಾಡಲೇಬೇಕು. ಅಲ್ಲಿ ಬೆಲ್ಟು ಶೋಕಿ ಅಲ್ಲ, ಮೂರನೇ ಕೈ.

ನಮ್ಮ ಕಾನೂನೂ ಇದನ್ನೇ ಒಪ್ಪಿಕೊಂಡಿತ್ತು. 1959ರ ಆಯುಧ ಕಾಯ್ದೆಯ 13ನೇ ಕಲಮು ಎರಡು ಬಗೆಯ ಬಂದೂಕುಗಳಿಗೆ ಲೈಸೆನ್ಸು ಕೊಡುವುದನ್ನು ತುಸು ಸುಲಭ ಮಾಡಿತು. ಆತ್ಮರಕ್ಷಣೆ ಅಥವಾ ಕ್ರೀಡೆಗೆ ಕನಿಷ್ಠ 20 ಇಂಚು ನಳಿಗೆಯ ಸಾದಾ ಬಂದೂಕು, ಮತ್ತು ನಿಜವಾದ ಬೆಳೆ ರಕ್ಷಣೆಗೆ ಬಾಯಿಂದ ತುಂಬುವ ಕೋವಿ. ರೈಫಲ್ ಬೇಕು ಅಂದರೆ ಸರಿಯಾದ ಕಾರಣ ಇದೆ ಅಂತ ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕು. ಅಮೆರಿಕದ ವಿಡಿಯೋ ನೋಡಿ ‘ಹೋಮ್ ಡಿಫೆನ್ಸ್ ರೈಫಲ್’ ಅಂತ ಮಾತಾಡೋ ನಮ್ಮ ಆಫೀಸಿನ ಹುಡುಗರಿಗೆ ಇದು ಗೊತ್ತಿರಲ್ಲ. ಕಾಡಂಚಿನ ರೈತನಿಗೆ ಬೆಳೆ ಕಾಯೋಕೆ ಕಾನೂನು ಹೆಸರಿಟ್ಟು ಹೇಳಿದ್ದು ಕೇಪಿನ ಕೋವಿಯನ್ನೇ.

ಆದರೆ ಕೋವಿಯ ಕೆಲಸವೇ ನಿಧಾನವಾಗಿ ಕರಗಿಹೋಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಮರುವರ್ಷವೇ ಬಂಡೀಪುರ ಹುಲಿ ಯೋಜನೆಗೆ ಸೇರಿತು. ಇವತ್ತು ಎನ್. ಬೇಗೂರು ಅನ್ನೋದು ಆ ಹುಲಿ ಮೀಸಲು ಪ್ರದೇಶದ ಒಂದು ವಲಯದ ಹೆಸರೂ ಹೌದು. 1977ರಲ್ಲಿ ಆನೆ ಆ ಕಾಯ್ದೆಯ ಮೊದಲ ಅನುಸೂಚಿಗೆ ಹೋಯಿತು. ಅದೇ ಕಾಯ್ದೆಯ 34ನೇ ಕಲಮಿನ ಪ್ರಕಾರ ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ಕೋವಿ ಇಟ್ಟುಕೊಂಡವರು ಅರಣ್ಯ ಇಲಾಖೆಯಲ್ಲೂ ಹೆಸರು ಬರೆಸಬೇಕು. ಅಷ್ಟರೊಳಗೆ ಹೊಸ ಲೈಸೆನ್ಸು ಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ಕೊನೆಕೊನೆಗೆ ದೊಡ್ಡಪ್ಪ ಕೋವಿ ಹೊಡೆದಿದ್ದೆಲ್ಲ ಆಕಾಶಕ್ಕೆ, ಬರೀ ಸದ್ದಿಗೆ. ಆಮೇಲೆ ಪಟಾಕಿಯೇ ಸಾಕಾಯಿತು. ಕೋವಿ ಮನೆಯಿಂದ ಹೊರಗೆ ಹೋಗುತ್ತಿದ್ದದ್ದು ಚುನಾವಣೆ ಬಂದಾಗ, ಠಾಣೆಗೆ ಜಮೆ ಮಾಡೋಕೆ. ಅದೂ ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ.

ಹೀಗೆ ಹೊಲದ ಕೋವಿ ಮನೆಗೆ ಬಂತು. ಮನೆಯೊಳಗೆ ಕೋವಿ ಹೇಗಿರಬೇಕು ಅನ್ನೋದನ್ನ ನಮಗಿಂತ ಚೆನ್ನಾಗಿ ಬಲ್ಲವರು ಪಕ್ಕದ ಕೊಡಗಿನವರು. 1857ರ ದಂಗೆಯ ನಂತರ ಬ್ರಿಟಿಷರು ದೇಶದ ತುಂಬ ಆಯುಧ ಕಿತ್ತುಕೊಳ್ಳುವಾಗ 1861ರಲ್ಲಿ ಕೊಡವರಿಗೆ ವಿನಾಯಿತಿ ಕೊಟ್ಟವರು ಮಾರ್ಕ್ ಕಬ್ಬನ್. ಹೌದು, ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೆಸರು ಕೊಟ್ಟ ಅದೇ ಕಬ್ಬನ್. ಅದೇ ವರ್ಷ ಹುದ್ದೆ ಬಿಟ್ಟು ತಾಯ್ನಾಡಿಗೆ ಹೊರಟವರು ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡರು. ಅವರು ಕೊಟ್ಟ ವಿನಾಯಿತಿ ಮಾತ್ರ ಸ್ವಾತಂತ್ರ್ಯದ ನಂತರವೂ ಉಳಿಯಿತು. ಜಮ್ಮಾ ಹಿಡುವಳಿದಾರರಿಗೂ ಅದು ಉಂಟು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟ್ ಎತ್ತಿಹಿಡಿಯಿತು. ಅಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ಕೋವಿಯನ್ನು ತೊಳೆದು, ಒರೆಸಿ, ದೇವರ ಮುಂದೆ ಇಟ್ಟು, ತೋಕ್ ಪೂ ಮುಡಿಸಿ ಪೂಜೆ ಮಾಡುತ್ತಾರೆ. ತೋಕ್ ಅಂದರೆ ಕೋವಿ, ಪೂ ಅಂದರೆ ಹೂವು. ನನ್ನ ಗಮನ ಸೆಳೆದದ್ದು ಹೂವಲ್ಲ, ಇಡುವ ಜಾಗ. ಕೋವಿ ಎಲ್ಲೆಂದರಲ್ಲಿ ನೇತಾಡಲ್ಲ, ಅದಕ್ಕೊಂದು ಸ್ಥಾನ ಇದೆ.

ಬೆಲ್ಟಿನ ಪರ ವಾದ ಇಲ್ಲವೆಂದಲ್ಲ. ರಾತ್ರಿ ಸದ್ದಾದರೆ ಒಂದು ಕೈಯಲ್ಲಿ ಮಗು ಎತ್ಕೋಬೇಕು, ಫೋನ್ ಮಾಡ್ಬೇಕು, ಬಾಗಿಲು ತೆಗೀಬೇಕು, ಕೋವಿ ಕೆಳಗಿಡೋಕಾಗಲ್ಲ ಅಂತಾರೆ. ಯಾರಾದರೂ ಕಿತ್ತುಕೊಳ್ಳೋಕೆ ಬಂದರೆ ಬೆಲ್ಟು ಬಿಡಲ್ಲ ಅಂತಾರೆ. ಕಾಶ್ಮೀರದಲ್ಲಿ ಬಂದೂಕು ಕಿತ್ತು ಓಡುವ ಪ್ರಕರಣಗಳು ಹೆಚ್ಚಾದಾಗ ಪೊಲೀಸರು ರೈಫಲನ್ನು ಸೊಂಟಕ್ಕೆ ಸರಪಳಿ ಹಾಕಿ ಬಿಗಿದುಕೊಂಡಿದ್ದೂ ನಿಜ. ಆದರೆ ಅವರು ದಿನವಿಡೀ ಬೀದಿಯಲ್ಲಿರುವವರು. ಮನೆಯೊಳಗೆ ಕತ್ತಲಲ್ಲಿ ಅದೇ ಬೆಲ್ಟು ಚಿಲಕಕ್ಕೆ, ಕುರ್ಚಿಗೆ, ಮಂಚದ ಕಾಲಿಗೆ ಸಿಕ್ಕಿಕೊಳ್ಳುತ್ತೆ. ಮತ್ತೆ ಮನೆಯ ಬಂದೂಕು ವರ್ಷದಲ್ಲಿ ಒಂದು ರಾತ್ರಿ ಕೈಯಲ್ಲಿದ್ದರೆ ಹೆಚ್ಚು, ಉಳಿದ 364 ದಿನ ಸುಮ್ಮನೆ ಇರುತ್ತೆ. ಅಷ್ಟು ದಿನ ಬೆಲ್ಟು ಏನು ಮಾಡುತ್ತೆ? ಕೆಳಗೆ ನೇತಾಡುತ್ತೆ.

ಅದಕ್ಕೆ ಉತ್ತರ ನಮ್ಮ ಮನೆಯಲ್ಲೇ ಇತ್ತು. ಊರಿನ ಮನೆಯ ನಡುಮನೆಯಲ್ಲಿ ತಲೆಯೆತ್ತಿ ನೋಡಿದರೆ ಒಂದು ಮೂಲೆಯಲ್ಲಿ ನಾಲ್ಕೈದು ಹೆಂಚಿನ ಬಣ್ಣ ಬೇರೆ. ಕಾವಲಿನಿಂದ ಬಂದ ತಾತ ಒಂದು ಬೆಳಗ್ಗೆ ಮಸಿ ಹಾಕಿದ್ದ ಕೋವಿಯನ್ನು, ಕೇಪನ್ನೂ ತೆಗೆಯದೆ, ಬೆಲ್ಟಿನಿಂದ ಬಾಗಿಲ ಹಿಂದಿನ ಗೂಟಕ್ಕೆ ನೇತುಹಾಕಿ ಮಲಗಿದರು. ಅಪ್ಪನಿಗಾಗ ಐದೋ ಆರೋ ವರ್ಷ. ನೇತಾಡೋ ಚರ್ಮದ ಪಟ್ಟಿ ಅಂದರೆ ಹುಡುಗರಿಗೆ ಜೋಕಾಲಿ ತಾನೆ? ಹಿಡಿದು ಎಳೆದರು. ಕೋವಿ ಬಿತ್ತು, ಕುದುರೆ ಕಲ್ಲಿಗೆ ತಾಗಿತು, ಕೇಪು ಸಿಡಿಯಿತು. ಚರೆಯೆಲ್ಲ ಸೂರಿಗೆ ಹೋಯಿತು. ಅಪ್ಪನಿಗೆ ಎರಡು ದಿನ ಕಿವಿ ಕೇಳಿಸಲಿಲ್ಲ, ಅಷ್ಟೇ. ನಳಿಗೆ ಒಂದು ಗೇಣು ಈ ಕಡೆ ತಿರುಗಿದ್ದರೆ ಇದನ್ನ ಬರೆಯೋಕೆ ನಾನು ಇರ್ತಿರಲಿಲ್ಲ.

ಅವತ್ತೇ ತಾತ ಬೆಲ್ಟು ಬಿಚ್ಚಿದರು. ಅದನ್ನ ಕತ್ತರಿಸಿ ನಾಯಿಗೆ ಕೊರಳಪಟ್ಟಿ ಮಾಡಿದರಂತೆ. ಮುಂದೆ ಹೊಲಕ್ಕೆ ಹೋಗುವಾಗ ಹಳೇ ಪಂಚೆಯ ತುಂಡು ಕಟ್ಟಿಕೊಂಡು ಹೋಗೋದು, ಹಿಂದಿರುಗುವಾಗ ಹೊಲದಲ್ಲೇ ಆಕಾಶಕ್ಕೆ ಹೊಡೆದು ನಳಿಗೆ ಖಾಲಿ ಮಾಡೋದು, ಮನೆಗೆ ಬಂದು ಪಂಚೆ ಬಿಚ್ಚಿಡೋದು. ಕೋವಿ ಬೀಗದ ಪೆಟ್ಟಿಗೆಗೆ, ಮಸಿ ಇನ್ನೊಂದು ಕಡೆ, ಕೇಪು ಅಜ್ಜಿಯ ಹತ್ತಿರ. ಅದನ್ನ ಅಜ್ಜಿ ಎಲ್ಲಿಡ್ತಿದ್ದರು ಅನ್ನೋದು ತಾತನಿಗೂ ಗೊತ್ತಿರಲಿಲ್ಲ!

ತಮ್ಮನಿಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಅಂಗಾರೆ ಕಳ್ಳ ಬಂದ್ರೆ ಪೆಟ್ಗೆ ಬೀಗ ತಗೀತಾ ಕೂತ್ಕಳದಾ ಅಣ್ಣ?” ಅಂದ. ಸರಿಯಾದ ಪ್ರಶ್ನೆಯೇ. ಬಾಯಿಂದ ತುಂಬುವ ಕೋವಿಯಿಂದ ಮನೆ ಕಾಯೋದು ಅಂದರೆ ಅದನ್ನು ಯಾವಾಗಲೂ ತುಂಬಿಟ್ಟಿರಬೇಕು. ತುಂಬಿಟ್ಟರೆ ಕಳ್ಳ ಬರೋದಕ್ಕೆ ಮೊದಲು ಮಗಳು ಬರುತ್ತಾಳೆ. ನಾನು ಹೇಳಿದ್ದು ಇಷ್ಟೇ: ಬೆಲ್ಟಿನ ದುಡ್ಡಿಗೆ ಇನ್ನೊಂದಷ್ಟು ಸೇರಿಸಿ ಹಿತ್ತಲಿಗೆ ಒಂದು ಒಳ್ಳೆ ದೀಪ ಹಾಕಿಸು, ಬಾಗಿಲಿಗೆ ಗಟ್ಟಿ ಅಗುಳಿ ಮಾಡಿಸು, ಒಂದು ನಾಯಿ ಸಾಕು.

ಅರ್ಜಿ ಇನ್ನೂ ವಿಚಾರಣೆಯಲ್ಲಿದೆ, ಕೋವಿ ಇನ್ನೂ ಠಾಣೆಯಲ್ಲಿದೆ. ಹೋದ ತಿಂಗಳು ಊರಿಗೆ ಹೋದಾಗ ಹಿತ್ತಲಲ್ಲಿ ದೀಪ ಉರೀತಿತ್ತು. ಬಾಗಿಲಲ್ಲಿ ಒಂದು ಕರೀ ನಾಯಿಮರಿ, ಕೊರಳಲ್ಲಿ ಮಿಲಿಟರಿ ಹಸಿರು ನೈಲಾನ್ ಪಟ್ಟಿ. ಲಿಂಕ್ ಕಳಿಸೋಕೆ ಮೊದಲೇ ಆರ್ಡರ್ ಮಾಡಿಬಿಟ್ಟಿದ್ದನಂತೆ.